ಕೌಬಾಯ್ ಆಗಿದ್ದ ನಮ್ಮಮ್ಮ

ನಮ್ಮಮ್ಮ ಒಂದು ಕಾಲದಲ್ಲಿ ಕೌಬಾಯ್ ಆಗಿದ್ದಳು. ನಗಬೇಡಿ! ಇದು ನಾನು ಕಟ್ಟಿದ್ದಲ್ಲ, ಅವಳೇ ಕೊಡುವ ಹೇಳಿಕೆ. "ಕೌಗರ್ಲ್ ಅನ್ಬೇಕಲ್ವಾ?" ಎಂದು ಒಮ್ಮೆ ತಿದ್ದಲು ಹೋದೆ. "ಬ್ಯಾಂಡಲ್ಲಿ ಐದು ಜನ ಕೌಬಾಯ್‌ಗಳಿದ್ವಿ. ಅದ್ರಲ್ಲಿ ನಾನೊಬ್ಳು" ಎಂದಳು.

ಮೈಸೂರಿನಲ್ಲಿ ಪಿಟೀಲು ಕಲಿತು, ಮದುವೆಯಾಗಿ, ನಡು ಚಳಿಗಾಲದಲ್ಲಿ ಅಮೆರಿಕದ ಪ್ಲಿಮತ್ತಿನ ಅಪಾರ್ಟ್‌ಮೆಂಟಿಗೆ ಬಂದಿಳಿದ ಹೆಂಗಸು ಹ್ಯಾಟು, ಬೂಟು, ಗಿಟಾರುಗಳ, ಹಳ್ಳಿಗಾಡಿನ 'ಕಂಟ್ರಿ' ಹಾಡುಗಳ ಬ್ಯಾಂಡಿನಲ್ಲಿ ನುಡಿಸುವುದುಂಟೆ? ಅದೂ ಟಿವಿಯಲ್ಲಿ? ಉಂಟಂತೆ. ಊರಿಗೆ ಕೇಬಲ್ ಟಿವಿ ಆಗಷ್ಟೇ ಬಂದಿತ್ತಂತೆ. ತೋರಿಸಲು ಏನೂ ಇಲ್ಲದ ಚಾನೆಲಿನವರು ಯಾರು ಬಂದರೂ ಒಳಗೆ ಬಿಡುತ್ತಿದ್ದರಂತೆ. ಈ 'ಅಂತೆ'ಗಳೇ ನನ್ನ ತಕರಾರು. ಹೈಸ್ಕೂಲು, ಕಾಲೇಜು ಎರಡರಲ್ಲೂ ಡಿಬೇಟ್ ಟೀಮಿನಲ್ಲಿದ್ದವಳು ನಾನು. ಉಪ್ಪಿಟ್ಟಿಗೆ ಉಪ್ಪು ಹಾಕಿದೆ ಎಂದರೂ ಸಾಕ್ಷಿ ಕೇಳುತ್ತೇನೆ.

"ಫೋಟೋ ಇದ್ಯಾ?"

"ಪಿಟೀಲು ಹಿಡ್ಕೊಂಡಿರೋಳು ಫೋಟೋ ತೆಗೀತಾಳೇನೇ?"

"ರೆಕಾರ್ಡಿಂಗ್?"

"ಲೈವ್ ಕಣೇ, ಲೈವ್!"

"ಹೋಗ್ಲಿ, ಅಪ್ಪ ನೋಡಿದಾರಾ?"

"ಅವರಿಗೆ ಸೆಕೆಂಡ್ ಶಿಫ್ಟ್. ಶಿಕಾಗೋದಿಂದ ಫೋನ್ ಬಂದಿತ್ತು ಗೊತ್ತಾ, ನಮ್ಮ ಬ್ಯಾಂಡ್ ಕೇಳಿ!"

"ಆ ಕೇಬಲ್ಲು ಪಕ್ಕದ ಬಡಾವಣೆಗೇ ಹೋಗ್ತಿರ್ಲಿಲ್ಲ. ಶಿಕಾಗೋಗೆ ಹೇಗೆ ಹೋಯ್ತು?"

"ಗಾಳೀಲಿ."

ಇಂಥ ಎದುರಾಳಿಯೊಂದಿಗೆ ಯಾವ ನಿಯಮದ ಪ್ರಕಾರ ವಾದ ಮಾಡುವುದು, ನೀವೇ ಹೇಳಿ!

ಅವಳು ಬ್ಯಾಂಡಿಗೆ ಸೇರಿದ ಕಥೆಯೂ ಹಾಗೆಯೇ. ಒಂದು ಸಂಜೆ ಪಿಟೀಲಿನಲ್ಲಿ ವರ್ಣ ಸಾಧನೆ ಮಾಡುತ್ತಿದ್ದಾಗ ಬಾಗಿಲು ಬಡಿದ ಸದ್ದು. ತೆರೆದರೆ ಕೆಳಗಿನ ಮನೆಯಾತ: ಆರಡಿ ಎತ್ತರ, ತಲೆಯ ಮೇಲೆ ಇನ್ನರ್ಧ ಅಡಿ ಹ್ಯಾಟು. ಗಲಾಟೆಯೆಂದು ಬೈಯಲು ಬಂದಿದ್ದಾನೆಂದುಕೊಂಡು ಅಮ್ಮ ಕ್ಷಮೆ ಕೇಳಿದಳು. ಅವನು ಹ್ಯಾಟು ತೆಗೆದು, ತನ್ನ ಬ್ಯಾಂಡಿನ ಪಿಟೀಲಿನವನು ಫ್ಲಾರಿಡಾ ಸೇರಿದ್ದಾನೆ, ಗುರುವಾರ ಟಿವಿ ಕಾರ್ಯಕ್ರಮವಿದೆ, ಬರುತ್ತೀಯಾ ಎಂದನಂತೆ. "ಅಪ್ಪನ್ನ ಕೇಳಿ ಹೇಳ್ತೀನಿ ಅಂದ್ಯಾ?" ಎಂದರೆ, "ಗುರುವಾರ ಎಷ್ಟು ಹೊತ್ತಿಗೆ ಅಂತ ಕೇಳ್ದೆ" ಎನ್ನುತ್ತಾಳೆ. ಎರಡು ವರ್ಷ ನುಡಿಸಿದಳು. ಚಾನೆಲಿನವರಿಗೆ ಬೇರೆ ಕಾರ್ಯಕ್ರಮ ಸಿಕ್ಕಿತು, ಬ್ಯಾಂಡು ಚದುರಿತು.

ಆದರೆ ಅಮ್ಮನೊಳಗಿನ ಕೌಬಾಯ್ ಚದುರಲಿಲ್ಲ. ಕಾರಿನಲ್ಲಿ ಇವತ್ತಿಗೂ ಕಂಟ್ರಿ ಸ್ಟೇಷನ್ನೇ ಹಾಕಬೇಕು. ಹಾಡು ಶುರುವಾದ ಕೂಡಲೇ ತೀರ್ಪು: "ಶಂಕರಾಭರಣ. ಪಾಪ, ಹೆಂಡ್ತಿ ಬಿಟ್ಟುಹೋಗಿದಾಳೆ." ಮುಂದಿನ ಹಾಡು: "ಇದೂ ಶಂಕರಾಭರಣ. ಇವನದು ನಾಯಿ." ಎಡಗೈ ಸ್ಟಿಯರಿಂಗಿನ ಮೇಲೆ, ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಒಮ್ಮೆ ಟ್ರಾಯ್‌ನ ದೇವಸ್ಥಾನಕ್ಕೆ ಹೊರಟಿದ್ದೆವು. "ಅಮ್ಮಾ, ಎಕ್ಸಿಟ್! ಎಕ್ಸಿಟ್!" ಎಂದು ನಾನು ಕೂಗುತ್ತಿದ್ದರೆ ಅವಳು "ಇರು, ಆವರ್ತನ ಮುಗೀಲಿ" ಎಂದಳು. ಆವರ್ತನ ಮುಗಿಯುವಷ್ಟರಲ್ಲಿ ತಿರುಗಬೇಕಾದ ದಾರಿ ಹಿಂದೆ ಉಳಿದು, ನಾವು ಬೇರೆಯೇ ದಿಕ್ಕಿನ ವಿಕ್ಸಮ್ ಊರು ತಲುಪಿದ್ದೆವು. ದೇವರಿಗೆ ಅಂದು ಮಂಗಳಾರತಿ ನಾವಿಲ್ಲದೆಯೇ ಆಯಿತು.

ದಸರೆಯ ಗೊಂಬೆಗಳ ಸಾಲಿನಲ್ಲಿ ಸರಸ್ವತಿಯ ಪಕ್ಕಕ್ಕೇ ಗಿಟಾರು ಹಿಡಿದ ಒಬ್ಬ ಪ್ಲಾಸ್ಟಿಕ್ ಕೌಬಾಯ್ ನಿಲ್ಲುತ್ತಾನೆ. "ಇದ್ಯಾವ ಅವತಾರ ರೀ?" ಎಂದು ಒಬ್ಬ ಆಂಟಿ ಕೇಳಿದರು. "ನಮ್ಮ ಲೀಡರ್ರು" ಎಂದಳು ಅಮ್ಮ. ಆಂಟಿ ಸುಮ್ಮನೆ ಅವನಿಗೂ ಅಕ್ಷತೆ ಹಾಕಿ ಹೋದರು.

ಕಳೆದ ತಿಂಗಳು ಸಾಕ್ಷಿಯೇ ಮನೆಬಾಗಿಲಿಗೆ ಬಂತು. ಕೆಳಗಿನ ಮನೆಯ ಆ ಲೀಡರ್ ತೀರಿಕೊಂಡಿದ್ದರು. ಮನೆ ಖಾಲಿ ಮಾಡುತ್ತಿದ್ದ ಅವರ ಮಗಳಿಗೆ ಬೇಸ್‌ಮೆಂಟಿನಲ್ಲಿ ಒಂದು ವಿಡಿಯೊ ಕ್ಯಾಸೆಟ್ ಸಿಕ್ಕಿತಂತೆ; ಅವಳು ಅಮ್ಮನನ್ನು ಹುಡುಕಿಕೊಂಡು ಬಂದು ಕೊಟ್ಟಳು. ಯಾರೋ ಮನೆಯ ಟಿವಿಯಿಂದ ರೆಕಾರ್ಡ್ ಮಾಡಿಕೊಂಡಿದ್ದ ಒಂದು ಗುರುವಾರ. ಬ್ಯಾಂಡಿನ ಉಳಿದ ಮೂವರು ಎಲ್ಲಿದ್ದಾರೋ ಅಮ್ಮನಿಗೆ ಗೊತ್ತಿಲ್ಲ. ಅವಳ ಟಿವಿ ಬಾಳಿನಲ್ಲಿ ಉಳಿದದ್ದು ಅದೊಂದೇ.

ವಿಕ್ಸಮ್‌ನಲ್ಲಿ ರಿಪೇರಿ ಅಂಗಡಿ ಇಟ್ಟಿರುವ, ಪ್ರತಿ ರಂಜಾನಿಗೂ ನಮಗೆ ಶ್ಯಾವಿಗೆಯ ಸುರಕುಂಬಾ ಕಳಿಸುವ ಹುಬ್ಬಳ್ಳಿ ಅಂಕಲ್ ಭಾನುವಾರ ತಮ್ಮ ವಿಸಿಆರ್ ಹೊತ್ತು ತಂದರು. "ಅಕ್ಕಾರ, ಇದು ನಮ್ಮ ಮಾವನಷ್ಟ ಹಳೇದೈತ್ರಿ. ಆದ್ರ ಹೇಳಿದ್ ಮಾತ್ ಕೇಳ್ತೈತಿ."

ಅಮ್ಮ ರೇಷ್ಮೆ ಸೀರೆ ಉಟ್ಟು ಬಂದು ಸೋಫಾದಲ್ಲಿ ಕುಳಿತಳು.

"ಕಾಣೋಳು ಟಿವಿ ಒಳಗಿರೋ ನೀನು. ಇಲ್ಲಿರೋ ನಿಂಗ್ಯಾಕೆ ಸೀರೆ?"

"ಸುಮ್ನಿರು. ನಾನೂ ಮೊದಲನೇ ಸಲ ನೋಡ್ತಿರೋದು. ಇವತ್ತು ನಿನ್ನ ಬಾಯಿ ಮುಚ್ಚಿಸ್ತೀನಿ."

ಪರದೆಯ ಮೇಲೆ ಮಳೆ ಸುರಿದಂತಾಗಿ, ನಾಲ್ಕು ಜನ ಕೌಬಾಯ್‌ಗಳು ಮೂಡಿದರು. ಹ್ಯಾಟಿನಿಂದ ಬೆಲ್ಟಿನ ಬಕಲ್‌ವರೆಗೆ ಮಾತ್ರ. ಹಾಡು ಶುರುವಾಯಿತು. ಅದರ ಮೇಲೆ ಪಿಟೀಲು ಜಾರುತ್ತಾ, ಕೊಂಕುತ್ತಾ ಎದ್ದಿತು. ಯಾವ ಅಮೆರಿಕನ್ ಫಿಡ್ಲರನೂ ಎಳೆಯದ ಗಮಕ! ಕೈ ಅಮ್ಮನದೇ, ಸಂಶಯವೇ ಇಲ್ಲ. ಆದರೆ ಅಮ್ಮನೆಲ್ಲಿ? ಒಂದು ಹಾಡು ಮುಗಿಯಿತು, ಇನ್ನೊಂದು ಮುಗಿಯಿತು. ಕ್ಯಾಮೆರಾ ಒಂದೇ, ಅಲ್ಲಾಡುವುದೇ ಇಲ್ಲ. ಅಮ್ಮ ಮುಂದಕ್ಕೆ ಬಗ್ಗಿ, ಬಾವಿಯೊಳಗೆ ಇಣುಕುವಂತೆ ಪರದೆಯ ಕೆಳಗಿನ ಅಂಚಿನೊಳಗೆ ಇಣುಕಿದಳು.

ಅಪ್ಪ ಮೆಲ್ಲಗೆ ಕೇಳಿದರು, "ನೀನು ಎಲ್ಲಿ ಕೂತಿದ್ದೆ?"

"ಎಲ್ಲಿ ಕೂರ್ತಾರೆ ರೀ? ನೆಲದ ಮೇಲೆ! ಜಮಖಾನ ಹಾಸ್ಕೊಂಡು."

ಹೌದಲ್ಲ! ನಮ್ಮ ಸಂಗೀತದವರು ಪಿಟೀಲಿನ ತುದಿಯನ್ನು ಕಾಲಿನ ಮೇಲೆ ಊರಿಕೊಂಡು ನುಡಿಸುವವರು. ನಿಂತು ನುಡಿಸಬಹುದೆಂಬ ಯೋಚನೆ ಅವಳಿಗೆ ಬರಲಿಲ್ಲ, ಕುಳಿತವಳು ಕಾಣುವುದಿಲ್ಲವೆಂಬ ಯೋಚನೆ ಕ್ಯಾಮೆರಾದವನಿಗೆ ಬರಲಿಲ್ಲ. ಹುಬ್ಬಳ್ಳಿ ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಅಮ್ಮ ನಗಲಿಲ್ಲ.

"ವಾರ ವಾರ ಬೇರೆ ಬೇರೆ ಸೀರೆ ಉಡ್ತಿದ್ದೆ" ಎಂದಳು. "ಅಂಗಡೀಲಿ ಯಾರಾದ್ರೂ ನೋಡಿ ನಕ್ರೆ, ಟಿವೀಲಿ ನೋಡಿರ್ಬೇಕು ಅಂದ್ಕೊಳ್ತಿದ್ದೆ. ಯಾರಿಗೂ ಕಾಣ್ಲೇ ಇಲ್ಲ ನಾನು, ಅಲ್ವಾ? ಆಫ್ ಮಾಡು. ನೀನೇ ಗೆದ್ದೆ."

ಗೆದ್ದೆನೆಂದು ಬೀಗಬೇಕಿತ್ತು. ಆದರೆ ಡಿಬೇಟಿನವರಿಗೆ ಇನ್ನೊಂದು ಅಭ್ಯಾಸವೂ ಉಂಟು: ಬೆಳಿಗ್ಗೆ ವಿರೋಧಿಸಿದ್ದನ್ನೇ ಮಧ್ಯಾಹ್ನ ಸಮರ್ಥಿಸಬೇಕಾಗುತ್ತದೆ. ನಾನು ಟೇಪನ್ನು ಹಿಂದಕ್ಕೆ ಓಡಿಸಿದೆ.

"ಅಮ್ಮ, ಅವರ ಕಣ್ಣು ನೋಡು."

"ಏನಿದೆ ಅವರ ಕಣ್ಣಲ್ಲಿ?"

"ಟಿವೀಲಿ ಬರೋರು ಕ್ಯಾಮೆರಾ ನೋಡ್ಬೇಕು. ಇವರಲ್ಲಿ ಒಬ್ರಾದ್ರೂ ನೋಡ್ತಿದಾರಾ?"

ನೋಡುತ್ತಿರಲಿಲ್ಲ. ಎತ್ತರದ ಲೀಡರ್ ಒಂದೊಂದು ಸಾಲು ಹಾಡಿದ ಮೇಲೂ ಕೆಳಗೆ ನೋಡುತ್ತಿದ್ದರು. ಗಿಟಾರಿನ ಇಬ್ಬರು ಕೆಳಗೆ ನೋಡುತ್ತಿದ್ದರು. ಡ್ರಮ್ಮಿನವನಂತೂ ಹಿಂದಿನಿಂದ ಕೊಕ್ಕರೆಯಂತೆ ಕತ್ತು ಚಾಚಿ ಅದೇ ಜಾಗ ನೋಡುತ್ತಿದ್ದ. ಹಾಡು ಮುಗಿಯುವ ಹೊತ್ತಿಗೆ ನಾಲ್ವರೂ ಕೈ ನಿಲ್ಲಿಸಿ ಕಾದರು. ಪಿಟೀಲು, ನಮ್ಮ ಕಛೇರಿಗಳಲ್ಲಿ ಮಾಡುವಂತೆ, ಒಂದೇ ಮುಕ್ತಾಯವನ್ನು ಮೂರು ಬಾರಿ ನುಡಿಸಿ ನಿಂತಿತು. ನಾಲ್ಕು ಮುಖಗಳೂ, ಪುಟ್ಟ ಮಗು ಮೊದಲ ಹೆಜ್ಜೆ ಇಟ್ಟಿದ್ದನ್ನು ನೋಡಿದವರಂತೆ, ನೆಲದತ್ತ ಅರಳಿದವು.

ಅಮ್ಮ ಸೋಫಾದ ತುದಿಗೆ ಜರುಗಿ ಒಂದೊಂದೇ ಮುಖ ನೋಡಿದಳು.

"ನಂಗೊತ್ತೇ ಇರ್ಲಿಲ್ಲ ಕಣೇ" ಎಂದಳು ಆಮೇಲೆ. "ನಾನು ಕಣ್ಣು ಮುಚ್ಕೊಂಡು ನುಡಿಸ್ತಿದ್ದೆ."

"ಇನ್ನೊಂದ್ಸಲ ಹಾಕು" ಎಂದು ಅವಳು ಎದ್ದಳು. "ಮಂಡಿ ಜೋಪಾನ!" ಎಂದು ಅಪ್ಪ ಹೇಳುತ್ತಿದ್ದಂತೆಯೇ ರೇಷ್ಮೆ ಸೀರೆ ಒಟ್ಟುಮಾಡಿಕೊಂಡು, ಟಿವಿಯ ಬುಡದಲ್ಲಿ, ಆ ನಾಲ್ವರ ನೋಟ ಬಂದು ಬೀಳುತ್ತಿದ್ದ ಜಾಗದಲ್ಲೇ, ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಮುಖ ಮೇಲೆತ್ತಿದಳು.