ಹೊಚ್ಚ ಹೊಸಾ ಬ್ರೌಸರು ಹಳೇದಾದ ಕತಿ

ಕಂಪ್ಯೂಟರ್ ರಿಪೇರಿ ಮಾಡೋರ ಹಣೇಬರಹಾನ ಇಷ್ಟು. ಮಷೀನು ಕೆಟ್ಟಿದ್ರ ಅರ್ಧ ತಾಸಿನ ಕೆಲಸ, ಏನೂ ಕೆಟ್ಟಿರದಿದ್ರ ಮೂರು ದಿನ. ಇಂಥಾವು ನನಗ ವಾರಕ್ಕೊಂದು ಗಂಟು ಬೀಳ್ತಾವ. ಆದ್ರ ಆ ಒಂದು ತಿಂಗಳು ಬಿದ್ದಷ್ಟು ಮುಂದ ಯಾವತ್ತೂ ಬೀಳಲಿಲ್ಲ.

ಗಣಿ ಲಾರಿಗಳು ಹಗಲೂ ರಾತ್ರಿ ಓಡ್ತಿದ್ದ ಕಾಲ. ಹೊಸಪೇಟೆ ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ ನನ್ನ ಅಂಗಡಿ. ಮುಂಜಾನೆ ಟೇಬಲ್ ಒರೆಸಿದ್ರ ಮಧ್ಯಾಹ್ನಕ್ಕ ಮತ್ತ ಕೆಂಪು ಧೂಳು. ಗಿರಾಕಿಗಳ ಮಷೀನಿಗೆಲ್ಲ ನಾನು ಒಂದ ಬ್ರೌಸರ್ ಹಾಕ್ತಿದ್ದೆ. ನಮ್ಮ ಆಮೆ ನಡಿಗಿ ಇಂಟರ್‌ನೆಟ್ಟಿನ್ಯಾಗೂ ಅದು ಜಲ್ದಿ ತೆರೀತಿತ್ತು. ಅದರದ್ದು ಹತ್ತನೇ ವರ್ಷನ್ ಬಂತು. ಹುರುಪಿನ್ಯಾಗ ಸಂಡೂರು, ಹಂಪಿ, ಕಂಪ್ಲಿ ಎಲ್ಲಾ ತಿರುಗಿ ಎಲ್ಲರಿಗೂ ಹಾಕಿ ಬಂದೆ. ಇದಕ್ಕಿಂತ ಹೊಸಾದು ಭೂಮಿ ಮ್ಯಾಲೆ ಇಲ್ಲ ಅಂತ ಮಾತೂ ಕೊಟ್ಟೆ.

ಮರುವಾರದಿಂದ ಫೋನ್ ಶುರು ಆದವು. ಕೆಲವು ವೆಬ್‌ಸೈಟ್ ತೆರದ್ರ, ನಿಮ್ಮ ಬ್ರೌಸರ್ ಭಾಳ ಹಳೇದು, ಹೊಸಾದು ಹಾಕ್ಕೊಂಡು ಬರ್ರಿ ಅಂತ ಬಾಗಿಲದಾಗ ನಿಲ್ಲಸ್ತಿದ್ವು. ನಂಬಿಕಿ ಮ್ಯಾಲೆ ನಡಿಯೋ ಅಂಗಡಿ ನಂದು. ಮಂದಿ ಕಣ್ಣಾಗ ನಾನು ಹಳೇ ಮಾಲು ತುರುಕಿ ಹೊಸಾದು ಅಂದವ ಆಗಿಬಿಟ್ಟೆ.

ಸಂಡೂರಿನ ಸಾಹುಕಾರ್ರು

ಮೊದಲ ಫೋನು ಸಂಡೂರಿನ ಒಬ್ಬ ಗಣಿ ಸಾಹುಕಾರ್ರದ್ದು. ವಿಮಾನದ ಟಿಕೆಟ್ ಮಾರೋ ಒಂದು ಸೈಟು ಅವರಿಗೆ ಹಳೇದು ಅಂದಿತ್ತು. ಆ ಮನ್ಯಾಗ ಎರಡು ವರ್ಷಕ್ಕಿಂತ ಹಳೇದು ಅಂತ ಇಟ್ಟುಕೊಂಡಿದ್ದು ಅಂದ್ರ ಅವರ ತಾಯಿ ಒಬ್ಬರ. ನಾನು ಹೋಗೋದ್ರಾಗ ಅವರು ಆರು ತಿಂಗಳ ಕಂಪ್ಯೂಟರ್ ಗುಮಾಸ್ತಗ ಕೊಟ್ಟು, ಬಳ್ಳಾರಿಯಿಂದ ಹೊಸಾದು ತರಿಸಿ ಇಟ್ಟಿದ್ರು.

ಅದಕ್ಕೂ ನಾನು ಅದ ಬ್ರೌಸರ್ ಹಾಕಿದೆ. ಅದೂ ಹಳೇದು ಅಂತು. ಸಾಹುಕಾರ್ರು ನನ್ನ ಮಾರಿ ನೋಡಿದ್ರು, ಬಳ್ಳಾರಿಗೆ ಫೋನ್ ಹಚ್ಚಿದ್ರು. ಮರುದಿನ ಮೂರನೇ ಕಂಪ್ಯೂಟರ್ ಬಂತು. ಗುಮಾಸ್ತನ ಮನ್ಯಾಗ ಈಗ ಎರಡು ಇದ್ದವು, ಅವನ ಖುಷಿ ಕೇಳಬ್ಯಾಡ್ರಿ.

ಅಷ್ಟ್ರಾಗ ನಾನು ಅಂಗಡ್ಯಾಗ ಎರಡು ದಿನ ಕುಂತು ಕಾರಣ ಹುಡುಕಿದ್ದೆ. ವೆಬ್‌ಸೈಟು ಬ್ರೌಸರಿಗೆ, ನಿಂದು ಎಷ್ಟನೇ ವರ್ಷನ್ ಅಂತ ಕೇಳ್ತೈತಿ. ಆರರ ಮ್ಯಾಲಿದ್ರ ಒಳಗ ಬಿಡ್ತೈತಿ. ನಮ್ಮದು ಪ್ರಾಮಾಣಿಕವಾಗಿ ಹತ್ತು ಅಂತಿತ್ತು. ಆದ್ರ ಅಲ್ಲೀತನಕ ಯಾವ ಬ್ರೌಸರೂ ಎರಡಂಕಿ ಮುಟ್ಟಿರಲಿಲ್ಲ. ಅದಕ್ಕ ಸೈಟ್ ಮಾಡಿದ ಪುಣ್ಯಾತ್ಮ ಮೊದಲನೇ ಅಂಕಿ ಅಷ್ಟ ಓದು ಅಂತ ಬರದಿದ್ದ. ಹತ್ತರಾಗ ಮೊದಲನೇದು ಒಂದು. ಒಂದನೇ ವರ್ಷನ್ ಅಂದ್ರ ಮುದುಕ, ಹೊರಗ ಹೋಗು.

ಇದನ್ನ ಸಾಹುಕಾರ್ರಿಗೆ ಸಮಾಧಾನದಿಂದ ಹೇಳಿದೆ. ನಿಮ್ಮ ಕಂಪ್ಯೂಟರಿಂದು ತಪ್ಪಿಲ್ಲ, ತಪ್ಪು ಆ ವೆಬ್‌ಸೈಟಿಂದು ಅಂದೆ. ಅವರು ಸಿಟ್ಟಾದ್ರು.

"ಅದನ್ನ ಮೊದಲ ಹೇಳಬಾರದೇನ್ರಿ? ಆ ವೆಬ್‌ಸೈಟು ಎಷ್ಟಕ್ಕ ಕೊಡ್ತಾರ, ಕೇಳ್ರಿ."

ಹಂಪಿಯ ಗೈಡು

ರಿಪೇರಿ ಸರಳ ಇತ್ತು. ಬ್ರೌಸರಿನ ಸೆಟ್ಟಿಂಗಿನ್ಯಾಗ, ಯಾರಾದ್ರೂ ಕೇಳಿದ್ರ ಒಂಬತ್ತು ಅಂತ ಹೇಳು ಅಂತ ಕಲಿಸಿಟ್ರ ಆತು. ಇಷ್ಟಕ್ಕ ಊರೂರು ತಿರುಗಬೇಕಾತು.

ಹಂಪಿಯೊಳಗ ಒಬ್ಬ ಗೈಡು ಮನಿ ಪಡಸಾಲ್ಯಾಗ ಎರಡು ಕಂಪ್ಯೂಟರ್ ಇಟ್ಟಿದ್ದ, ಫಾರಿನ್ ಮಂದಿ ಮೇಲ್ ನೋಡಾಕ. ಅಂವ ಆರಾಮ ಕುಂತಿದ್ದ. ಒಬ್ಬ ಬಿಳಿಯ ಬಂದು ನಿನ್ನ ಬ್ರೌಸರ್ ಭಾಳ ಹಳೇದೈತಿ ಅಂದನಂತ. ಇಂವ ದಿನಾ ಗುಡಿ ತೋರಿಸೋ ಬಾಯಿಪಾಠದ ಹುರುಪಿನ್ಯಾಗ, ಎಷ್ಟನೇ ಶತಮಾನದ್ದು ಇರಬೇಕು ಅಂತ ಕೇಳಿದನಂತ.

ಐದು ನಿಮಿಷದಾಗ ಸರಿ ಮಾಡ್ತೀನಿ ಅಂತ ನಾನು ಕುಂತೆ. ಅಂವ ಎದ್ದು ಬಂದು ಮೌಸ್ ಮ್ಯಾಲೆ ಕೈ ಇಟ್ಟ.

"ಬ್ಯಾಡ್ರಿ. ನಮ್ಮೂರಾಗ ಹಳೇದು ಅಂತ ಒಮ್ಮೆ ಬೋರ್ಡ್ ಬಿತ್ತಂದ್ರ, ಮುಟ್ಟಾಕ ಪರ್ಮಿಷನ್ ಬೇಕು."

ಕಂಪ್ಲಿಯ ಹೆಡ್‌ಮಾಸ್ತರ್ರು

ಕಂಪ್ಲಿಯೊಳಗ ನನಗ ಕಲಿಸಿದ ಹೆಡ್‌ಮಾಸ್ತರ್ರು ಇದ್ರು, ರಿಟೈರ್ ಆದವ್ರು. ಅವರ ಮಗಳು ಟೀಚರ್ ನೌಕರಿಗೆ ಅರ್ಜಿ ಹಾಕಬೇಕಿತ್ತು. ವಯಸ್ಸಿನ ಮಿತಿ ಮುಗಿಯಾಕ ಬಂದಿತ್ತು, ಅದ ಅಕಿಗೆ ಕಡೀ ಅವಕಾಶ. ಆ ದಿನ ಸಂಜಿ ಐದಕ್ಕ ಅರ್ಜಿ ತಗೊಳ್ಳೋದು ಬಂದ್. ನಾನು ಬಸ್ ಹಿಡಿದು ಮುಟ್ಟೋದ್ರಾಗ ನಾಕೂವರಿ. ಹಳೇದು ಅನ್ನೋ ಪರದೆ ಮುಂದ ಹುಡುಗಿ ಮಾರಿ ಸಣ್ಣದು ಮಾಡ್ಕೊಂಡು ಕುಂತಿದ್ಲು. ಆ ಬ್ರೌಸರ್ ಹಾಕಿದವ ನಾನ, ನೀರೂ ಕುಡಿಯದ ಮೌಸಿಗೆ ಕೈ ಹಾಕಿದೆ.

ಏನು ಮಾಡ್ತಿ, ಬಿಡಿಸಿ ಹೇಳು ಅಂದ್ರು ಮಾಸ್ತರ್ರು. ಅವರ ಮುಂದ ಪಾಠ ಒಪ್ಪಿಸಿದ ಅಭ್ಯಾಸ, ಇದ್ದದ್ದು ಇದ್ದಂಗ ಹೇಳಿಬಿಟ್ಟೆ. ಬುದ್ಧಿ ಇದ್ದವ ಹೇಳ್ತಿರಲಿಲ್ಲ.

"ಅಂದ್ರ ಸರ್ಕಾರಕ್ಕ ಸುಳ್ಳು ಹೇಳಿಸ್ತಿ. ನನ್ನ ಮನ್ಯಾಗ ಅದು ಆಗಂಗಿಲ್ಲ."

ಮಗಳು ಬೇಡಿಕೊಂಡ್ಲು, ಅವರ ಹೆಂಡ್ತಿ ಒಳಗಿಂದ ಬಂದು ಬೈದ್ರು. ಅವರು ಜಗ್ಗಲಿಲ್ಲ. ಗಡಿಯಾರ ಐದಕ್ಕ ಹತ್ತು ನಿಮಿಷ ಐತಿ ಅಂತಿತ್ತು. ನಾನು ಭಯ ಬಿಟ್ಟು ಬಾಯಿ ತೆರೆದೆ.

"ಸರ, ನಾನು ಹುಟ್ಟಿದ್ದು ದಸರಾದಾಗ. ರಿಜಿಸ್ಟರಿನ್ಯಾಗ ಜೂನ್ ಒಂದು ಅಂತ ಬರದವ್ರು ನೀವ. ನಮ್ಮ ಕ್ಲಾಸಿನ್ಯಾಗ ಎಲ್ಲಾರೂ ಜೂನ್ ಒಂದಕ್ಕ ಹುಟ್ಟ್ಯಾರ."

"ಅದು ಸುಳ್ಳಲ್ಲ ಲೇ. ಅಡ್ಜಸ್ಟ್‌ಮೆಂಟು."

"ಇದೂ ಅಷ್ಟ ಅಪ್ಪಾ," ಅಂದ್ಲು ಮಗಳು.

ಅವರು ಖುರ್ಚಿ ತಿರುಗಿಸಿ ಗೋಡಿ ಕಡೆ ಮಾರಿ ಮಾಡಿ ಕುಂತ್ರು. ಹತ್ತು ಇದ್ದದ್ದು ಒಂಬತ್ತು ಮಾಡಿದೆ, ಸೈಟ್ ತೆರೀತು, ಐದಕ್ಕ ಎರಡು ನಿಮಿಷ ಇರೋದ್ರಾಗ ಅರ್ಜಿ ಹೋತು. ಹುಡುಗಿ ಅತ್ತೇಬಿಟ್ಲು. ಮಾಸ್ತರ್ರು ನನ್ನ ಎದುರಿಗೇ ನಿಂತು ಅದನ್ನ ಮತ್ತ ಹತ್ತು ಮಾಡಿಸಿಕೊಂಡ ಬಿಟ್ರು.

ಅಷ್ಟಕ್ಕ ಮುಗೀಲಿಲ್ಲ. ಅವರಿಗೆ ನಿದ್ದಿ ಬರಲಿಲ್ಲಂತ. ಇಂಥಾ ದಿನ ನಮ್ಮ ಕಂಪ್ಯೂಟರು ತಮ್ಮ ವೆಬ್‌ಸೈಟಿಗೆ ಸುಳ್ಳು ಸಂಖ್ಯೆ ಹೇಳೈತಿ, ತಪ್ಪು ನಂದು, ಮಗಳದ್ದಲ್ಲ, ದಯವಿಟ್ಟು ಸರಿಪಡಿಸಿಕೊಳ್ಳಬೇಕು ಅಂತ ಆಫೀಸಿಗೆ ರಿಜಿಸ್ಟರ್ ಪೋಸ್ಟ್ ಹಾಕಿ ಬಂದ್ರು. ಇನ್ನೇನು ಅರ್ಜಿ ರದ್ದಾದಂಗ ಅಂತ ಮಗಳು ಅವರ ಜೋಡಿ ಮಾತು ಬಿಟ್ಲು. ನನಗೂ ಊಟ ಸೇರಲಿಲ್ಲ.

ಹದಿನೈದು ದಿನಕ್ಕ ಉತ್ತರ ಬಂತು. ಮಾಸ್ತರ್ರು ಫೋನ್ ಮಾಡಿ ಕರಿಸಿದ್ರು. ಅರ್ಜಿ ರದ್ದಾಗಿರಲಿಲ್ಲ. ಕಾಗದದಾಗ ಇದ್ದದ್ದು ಒಂದ ಸಾಲು: ಅಂಚೆ ಮೂಲಕ ಬಂದ ತಿದ್ದುಪಡಿಗಳನ್ನು ಪರಿಗಣಿಸಲಾಗುವುದಿಲ್ಲ, ವೆಬ್‌ಸೈಟ್ ಮೂಲಕವೇ ಸಲ್ಲಿಸತಕ್ಕದ್ದು.

ಮುಂಜಾನಿಂದ ಅವರು ಆ ವೆಬ್‌ಸೈಟ್ ತೆರಿಯಾಕ ನೋಡ್ಯಾರ. ಅದು ಹಳೇದು, ಹಳೇದು ಅಂತ ಬಾಗಿಲದಾಗ ನಿಲ್ಲಿಸೈತಿ. ಚಷ್ಮಾ ತೆಗೆದು ಒರೆಸಿದ್ರು, ಮತ್ತ ಹಾಕ್ಕೊಂಡ್ರು. ಮಗಳ ಕಡೆ ನೋಡಲಿಲ್ಲ.

"ಲೇ, ಸುಳ್ಳು ಹೇಳಿದ್ದು ಒಪ್ಪಿಕೊಳ್ಳೋತನಕ," ಅಂದ್ರು, "ಅದನ್ನ ಒಂಬತ್ತು ಮಾಡು."