ಒಂದು ಹಿಡಿ ಹಿಮವೂ ಆಚೆ ಬೀಳಬಾರದು

ಹಿಮ ಎಂದರೆ ಏನು ಮಹಾ? ಆಕಾಶದಿಂದ ಉದುರುವ ಹತ್ತಿ. ಹತ್ತಿಯನ್ನು ಪಕ್ಕಕ್ಕೆ ಸರಿಸಲು ಕೂಲಿ ಕೊಟ್ಟು ಜನ ಕರೆಸಬೇಕೆ? ಹೀಗೆಂದು ಅಡುಗೆಮನೆಯ ಮೇಜು ಗುದ್ದಿ ಘೋಷಿಸಿದವನು ನಾನೇ, ಅರ್ವೊ ಕಂಗಾಸ್. ಆಗಿನ್ನೂ ಅಕ್ಟೋಬರ್ ತಿಂಗಳು. ಗುದ್ದಿದ ರಭಸಕ್ಕೆ ಕಾಫಿ ಚೆಲ್ಲಿತು. ಒರೆಸಿದವಳು ನನ್ನ ಹೆಂಡತಿ ಹೆಲ್ಮಿ.

“ಈ ಸಲ ನಮ್ಮ ದಾರಿಯ ಹಿಮಾನ ನಾನೇ ದೂಡ್ತೀನಿ. ಟ್ರ್ಯಾಕ್ಟರಿಗೆ ಮುಂದೆ ಕಬ್ಬಿಣದ ಅಗಲ ಬ್ಲೇಡ್ ಕಟ್ತೀನಿ. ಚಳಿಗಾಲದಲ್ಲಿ ಹಿಮ, ಬೇಸಿಗೆಯಲ್ಲಿ ಜಲ್ಲಿ. ಒಂದೇ ಬ್ಲೇಡು, ಎರಡು ಕೆಲಸ.”

“ಸರಿ,” ಎಂದಳು ಹೆಲ್ಮಿ. “ಆದ್ರೆ ಒಂದು ಮಾತು. ತೈಮಿ ಕಡೆ ಒಂದು ಹಿಡಿ ಹಿಮಾನೂ ಬೀಳಬಾರದು. ‘ನಿಮ್ಮ ಮನೆ ಕಸ ನನ್ನ ಅಂಗಳಕ್ಕೆ’ ಅಂತ ಅವಳ ಬಾಯಲ್ಲಿ ನಾನು ಕೇಳಬಾರದು.”

“ಅವಳು ನಿನ್ನ ಹತ್ರ ಮಾತೇ ಆಡಲ್ವಲ್ಲ, ಹೇಗೆ ಕೇಳ್ತೀಯ?”

“ಮಾತಾಡದೇ ಹೇಳ್ತಾಳೆ. ಅದು ಇನ್ನೂ ಜೋರಾಗಿ ಕೇಳಿಸುತ್ತೆ.”

ತೈಮಿ ನನ್ನ ಹೆಂಡತಿಯ ಒಡಹುಟ್ಟಿದ ತಂಗಿ. ನಮ್ಮ ದಾರಿ ಹೆದ್ದಾರಿಯಿಂದ ಮನೆಯ ಬಾಗಿಲಿಗೆ ನೇರವಾಗಿ ಬರುತ್ತದೆ. ಬರುವಾಗ ಎಡಗಡೆ ನಮ್ಮ ಸೇಬಿನ ಗಿಡಗಳು, ಬಲಗಡೆ ಬೇಲಿಯಿಲ್ಲದ ಒಂದು ಬಯಲು. ಆ ಬಯಲು ತೈಮಿಯದು. ಬಯಲಿನ ನಡುವೆ ಒಂದು ಪುಟ್ಟ ಮರದ ಹಬೆಮನೆ, ನಮ್ಮವರ ಬಾಯಲ್ಲಿ ಸೌನಾ, ಅದರಾಚೆ ಅವಳ ಮನೆ. ತಾಮ್ರದ ಗಣಿಯ ಕೆಲಸಕ್ಕೆಂದು ಫಿನ್‌ಲೆಂಡಿನಿಂದ ಈ ಸುಪೀರಿಯರ್ ಸರೋವರದ ದಂಡೆಗೆ ಬಂದ ಇವರಜ್ಜ ಮನೆ ಕಟ್ಟುವ ಮೊದಲು ಕಟ್ಟಿದ್ದು ಆ ಹಬೆಮನೆಯನ್ನು. ಅಕ್ಕತಂಗಿಯರಿಬ್ಬರ ಮೊದಲ ಸ್ನಾನವೂ ಅಲ್ಲೇ ಆಗಿದ್ದು. ಶನಿವಾರ ಸಂಜೆ ಬರ್ಚ್ ಕಟ್ಟಿಗೆ ಉರಿಸಿ, ಕಾದ ಕಲ್ಲಿನ ಮೇಲೆ ನೀರು ಎರಚಿ, ಹಬೆಯಲ್ಲಿ ಅಕ್ಕಪಕ್ಕ ಕೂತರೆ ಆ ವಾರದ ಜಗಳವೆಲ್ಲ ಬೆವರಿನ ಜೊತೆ ಇಳಿದುಹೋಗುತ್ತಿತ್ತು.

ಅವರಮ್ಮ ತೀರಿಕೊಂಡ ವರ್ಷ ತೈಮಿ ಕಟ್ಟಿಗೆಯ ಒಲೆ ತೆಗೆಸಿ ಕರೆಂಟಿನ ಒಲೆ ಇಡಿಸಿದಳು. ಗುಂಡಿ ಒತ್ತಿದರೆ ಕಲ್ಲು ಕಾಯುತ್ತದೆ. ಹೆಲ್ಮಿ ಒಳಗೆ ಹೋಗಿ ನೋಡಿ, “ಅಮ್ಮನ ಸೌನಾನ ಬ್ರೆಡ್ ಸುಡೋ ಡಬ್ಬ ಮಾಡಿದ್ಯಲ್ಲೇ,” ಎಂದು ಹೊರಬಿದ್ದವಳು ಮೂರು ಚಳಿಗಾಲ ಆ ಕಡೆ ಕಾಲಿಡಲಿಲ್ಲ. ಶನಿವಾರ ಸಂಜೆ ನಮ್ಮ ಬಚ್ಚಲ ತೊಟ್ಟಿಯಲ್ಲಿ ಮೊಣಕಾಲು ಮಡಚಿ ಕೂತು ಮೈ ತೊಳೆದುಕೊಂಡು, ಆಮೇಲೆ ಕಿಟಕಿಯಲ್ಲಿ ನಿಂತು ಹೊಗೆಯಿಲ್ಲದ ಆ ಹೊಗೆಗೂಡನ್ನು ನೋಡುತ್ತಿದ್ದಳು. ಹೋಗಿ ತೈಮಿಯ ಬಾಗಿಲು ತಟ್ಟೋಣವೆನ್ನಿಸುತ್ತಿತ್ತು ನನಗೆ. ಆದರೆ ಅಕ್ಕತಂಗಿಯರ ನಡುವೆ ತಲೆ ಹಾಕುವವನು ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯೇ ಸರಿ. ನಾನು ಬ್ಲೇಡಿನ ಕಡೆ ಗಮನ ಕೊಟ್ಟೆ.

ಬ್ಲೇಡು ಬಂತು. ಅಂಗಳದಲ್ಲಿ ಅದನ್ನು ಬಿಡಿಸಿ ಹರಡಿದಾಗ ದಂಡಯಾತ್ರೆಗೆ ಹೊರಟ ಸೇನಾಪತಿಯ ಠೀವಿ ನನ್ನದು. ಟ್ರ್ಯಾಕ್ಟರಿನ ಹೊಟ್ಟೆಯಡಿ ಅಂಗಾತ ಮಲಗಿ ಚೌಕಟ್ಟು ಬಿಗಿದೆ, ಬ್ಲೇಡು ಸಿಕ್ಕಿಸಿದೆ, ಸನ್ನೆಗೋಲು ಎಳೆದೆ. ಬ್ಲೇಡು ಏಳಲಿಲ್ಲ. ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ಎದ್ದವು. ನನ್ನ ಪುಟ್ಟ ಟ್ರ್ಯಾಕ್ಟರು ಮೂಗು ನೆಲಕ್ಕೂರಿ ಸೆರಗೊಡ್ಡಿ ಬೇಡುವವಳ ಹಾಗೆ ನಿಂತಿತು.

“ಹಿಂದೆ ತೂಕ ಬೇಕು ಅದಕ್ಕೆ,” ಎಂದಳು ಹೆಲ್ಮಿ, ಏಲಕ್ಕಿ ಹಾಕಿದ ನಿಸು ಬನ್ನು ಜಗಿಯುತ್ತ.

“ಗೊತ್ತು. ಅದನ್ನೇ ಮಾಡೋಕೆ ಹೊರಟಿದ್ದೆ.”

“ಸುಮ್ನೆ ನೀನು ಹಿಂದೆ ಕೂತ್ಕೊ. ಮರಳಿನ ಚೀಲದ ಖರ್ಚು ಉಳೀತು.”

ಮರಳಿನ ಚೀಲ ಕಟ್ಟಿದೆ. ಪರೀಕ್ಷಾರ್ಥವಾಗಿ ದಾರಿಯ ಜಲ್ಲಿಯನ್ನು ಸಮ ಮಾಡಲು ಹೊರಟೆ. ಬ್ಲೇಡಿನ ಅಡಿಗೆ ಹಾಕುವ ಎರಡು ಕಬ್ಬಿಣದ ಪಾದಗಳು ಪೆಟ್ಟಿಗೆಯಲ್ಲೇ ಉಳಿದಿದ್ದವು. ಬ್ಲೇಡು ನೆಲವನ್ನು ಕಚ್ಚದಂತೆ ಎತ್ತಿ ಹಿಡಿಯುವುದು ಅವೇ ಎಂಬುದು ನನಗೆ ಆಮೇಲೆ ತಿಳಿಯಿತು. ನಾನು ಅವನ್ನು ಸಾಗಣೆಯಲ್ಲಿ ಸವೆಯದಿರಲೆಂದು ಇಟ್ಟ ತುಂಡು ಎಂದುಕೊಂಡಿದ್ದೆ. ಒಂದು ಸಲ ಹೋಗಿ ಬಂದು ತಿರುಗಿ ನೋಡಿದರೆ ದಾರಿಯಿದ್ದಲ್ಲಿ ಎಮ್ಮೆ ಮಲಗೆದ್ದ ಹೊಂಡ, ಸೇಬಿನ ಗಿಡಗಳ ಬುಡದಲ್ಲಿ ಜಲ್ಲಿಯ ರಾಶಿ.

“ನೆಲಾನೇ ಡೊಂಕು ಇದೆ,” ಎಂದೆ.

“ಕುಣಿಯೋಕೆ ಬರದವಳೂ ಅದನ್ನೇ ಹೇಳಿದ್ಲಂತೆ,” ಎಂದಳು ಹೆಲ್ಮಿ.

ಪಾದಗಳನ್ನು ಹಾಕಿದೆ. ಎರಡು ದಿನ ಸಲಿಕೆ ಹಿಡಿದು ಜಲ್ಲಿಯನ್ನು ಮರಳಿ ತಂದು ಸುರಿದೆ. ಇನ್ನು ಉಳಿದದ್ದು ಮುಖ್ಯ ಕೆಲಸ, ಬ್ಲೇಡಿನ ಓರೆ. ಈ ಬ್ಲೇಡು ನೇರ ನಿಲ್ಲಬಹುದು, ಬಲಕ್ಕೆ ತಿರುಗಬಹುದು, ಎಡಕ್ಕೂ ತಿರುಗಬಹುದು. ಎತ್ತ ತಿರುಗಿಸಿ ಪಿನ್ ಹಾಕುತ್ತೇವೋ ಅತ್ತ ಹಿಮ ಬೀಳುತ್ತದೆ. ಹೆಂಡತಿಯ ಆಜ್ಞೆ ನೆನೆದು ಎಡಕ್ಕೆ ತಿರುಗಿಸಿದೆ. ಪಿನ್ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಎಂದಾದರೂ ಅಪ್ಪಿತಪ್ಪಿ ಬಲಕ್ಕೆ ತಿರುಗಿ ಕುಟುಂಬದಲ್ಲಿ ಕುರುಕ್ಷೇತ್ರವಾದರೆ? ದೊಡ್ಡ ಸುತ್ತಿಗೆ ತಂದು ಆ ಪಿನ್ನಿನ ತಲೆಯನ್ನು ಚಪ್ಪಟೆಯಾಗುವವರೆಗೆ ಬಡಿದೆ.

“ಇನ್ನು ಬ್ರಹ್ಮ ಬಂದ್ರೂ ಇದು ಬಲಕ್ಕೆ ತಿರುಗಲ್ಲ,” ಎಂದೆ.

ಹಿಮ ಶುರುವಾಯಿತು. ನಮ್ಮಲ್ಲಿ ಸರೋವರದ ಮೇಲಿಂದ ಗಾಳಿ ಬಂತೆಂದರೆ ಸಾಕು, ಆಕಾಶಕ್ಕೆ ತೂತು ಬಿದ್ದಂತೆ ಸುರಿಯುತ್ತದೆ. ಬೆಳಿಗ್ಗೆ ಎದ್ದು ಕಾಫಿ ಕುಡಿದು, ಬ್ಲೇಡು ಎತ್ತಿಕೊಂಡು ಹೆದ್ದಾರಿಯವರೆಗೆ ಹೋಗುವುದು. ಅಲ್ಲಿ ಬ್ಲೇಡು ಇಳಿಸಿ ಮನೆಯ ಕಡೆ ದೂಡಿಕೊಂಡು ಬರುವುದು. ಹಿಮವೆಲ್ಲ ಎಡಕ್ಕೆ, ಸೇಬಿನ ಗಿಡಗಳ ಕಡೆಗೆ. ಬಲಗಡೆಗೆ ಒಂದು ಹಿಡಿ ಇಲ್ಲ, ಒಂದು ಚಿಟಿಕೆ ಇಲ್ಲ. ಹೆದ್ದಾರಿಗೆ ಹೋಗುವಾಗ ದೂಡಿದರೆ ಆಚೆ ಬೀಳುತ್ತದಲ್ಲ, ಆದ್ದರಿಂದ ದೂಡುವುದು ಒಂದೇ ದಿಕ್ಕಿಗೆ. ಇಷ್ಟು ಧರ್ಮಿಷ್ಠನಾಗಿ ಹಿಮ ತೆಗೆದ ಗಂಡಸು ಈ ದಂಡೆಯಲ್ಲಿ ಇನ್ನೊಬ್ಬನಿರಲಾರ.

ನಿಜ ಹೇಳುತ್ತೇನೆ, ಆ ಕೆಲಸ ನನಗೆ ಬಹಳ ಇಷ್ಟವಾಗಿಬಿಟ್ಟಿತು. ಎಂಜಿನ್ನು ಜೋಗುಳ ಹಾಡುತ್ತದೆ. ಹಿಮ ಬ್ಲೇಡಿನ ಮೇಲೆ ಸುರುಳಿ ಸುರುಳಿಯಾಗಿ ಎದ್ದು ಪಕ್ಕಕ್ಕೆ ಮಗುಚುತ್ತದೆ. ಮೇಲಿನಿಂದ ಬೀಳುವುದು ಬೀಳುತ್ತಲೇ ಇರುತ್ತದೆ. ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು, ಯಾರಿಗೂ ಬೇಕಾಗಿಲ್ಲ. ನಾನು ಮೋಡವನ್ನು ಉಳುತ್ತಿದ್ದೇನೆ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಕಣ್ಣು ಅರೆಮುಚ್ಚಿದಾಗ ಬರ್ಚ್ ಕಟ್ಟಿಗೆಯ ಹೊಗೆಯ ವಾಸನೆ ಬಂದಂತಾಗುತ್ತಿತ್ತು. ತೀರಿಹೋದ ನನ್ನ ಅತ್ತೆ ಉಣ್ಣೆಯ ಶಾಲು ಹೊದ್ದು, ಕಂಕುಳಲ್ಲಿ ಟವೆಲ್ ಇಟ್ಟುಕೊಂಡು, ಬೀಳುವ ಹಿಮದಲ್ಲಿ ನನ್ನ ಮುಂದೆ ಮುಂದೆ ನಡೆಯುತ್ತಿದ್ದಂತೆ ಕಾಣುತ್ತಿತ್ತು. ಇಂಥ ಹೊತ್ತಿನಲ್ಲಿ ಎಡಬಲ ನೋಡುವುದು ಅರಸಿಕರ ಕೆಲಸ.

ಈಗ ಎಡಗಡೆ ಏನಾಯಿತೆಂದರೆ, ಬಿದ್ದ ಹಿಮ ಹೆಪ್ಪುಗಟ್ಟಿ ಗೋಡೆಯಾಯಿತು. ಮುಂದಿನ ಸಲ ಹಿಮ ಬಿದ್ದಾಗ ಆ ಗೋಡೆಯನ್ನು ಒತ್ತಲು ನನ್ನ ಪುಟ್ಟ ಟ್ರ್ಯಾಕ್ಟರಿಗೆ ಶಕ್ತಿಯಿಲ್ಲ. ಅದಕ್ಕೆ ಅರ್ಧ ಮಾರು ಬಲಕ್ಕೆ ಸರಿದು ದೂಡಿದೆ. ಗೋಡೆ ದಪ್ಪವಾಯಿತು. ಇನ್ನರ್ಧ ಮಾರು ಸರಿದೆ. ಜನವರಿಯಲ್ಲಿ ಸೇಬಿನ ಗಿಡಗಳು ಮರೆಯಾದವು. ಫೆಬ್ರವರಿಯಲ್ಲಿ ಎಡಗಡೆ ಹಿಮಾಲಯವೇ ಎದ್ದಿತ್ತು. ನಾನು ಮಾತ್ರ ಪ್ರತಿ ಬೆಳಿಗ್ಗೆ ಒಳಗೆ ಬಂದು, ಬೂಟು ಕಳಚುತ್ತ ಕೇಳುವವನು:

“ಹೇಗಿದೆ ನನ್ನ ದಾರಿ?”

ಹೆಲ್ಮಿ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತು, ಬಹಳ ಹೊತ್ತು ನೋಡಿ, “ಚೆನ್ನಾಗಿದೆ. ಹಾಗೇ ಹೋಗ್ತಾ ಇರು,” ಎನ್ನುವಳು.

ನಲವತ್ತು ವರ್ಷದ ಸಂಸಾರದಲ್ಲಿ ನಾನು ಮೊಳೆ ಹೊಡೆದರೆ ಸೊಟ್ಟ, ಬಣ್ಣ ಬಳಿದರೆ ಪಟ್ಟೆ ಎಂದವಳು ಅವಳು. ಅವಳ ಬಾಯಲ್ಲಿ ಇಂಥ ಮಾತು ಬಂದರೆ ಗಂಡಸು ಉಬ್ಬದೆ ಇನ್ನೇನು ಮಾಡುತ್ತಾನೆ? ನಾನು ಉಬ್ಬಿದೆ.

ಮಾರ್ಚಿನ ಒಂದು ಶನಿವಾರ. ಹಿಂದಿನ ದಿನದಿಂದ ಬಿರುಗಾಳಿ ಬೀಸಿ ಮಧ್ಯಾಹ್ನದ ಹೊತ್ತಿಗೆ ಗಾಳಿ ನಿಂತಿತ್ತು. ಹಿಮ ಮಾತ್ರ ದೊಡ್ಡ ದೊಡ್ಡ ಎಸಳಾಗಿ ನಿಧಾನವಾಗಿ ಇಳಿಯುತ್ತಿತ್ತು. ಎರಡು ಮಾರು ಆಚೆ ಏನೂ ಕಾಣದು. ನಾನು ಹೆದ್ದಾರಿಯಿಂದ ದೂಡಿಕೊಂಡು ಬರುತ್ತಿದ್ದೆ. ಅತ್ತೆ ಎಂದಿನಂತೆ ಮುಂದೆ ನಡೆಯುತ್ತಿದ್ದಳು. ಬರ್ಚ್ ಹೊಗೆಯ ವಾಸನೆ. ಸ್ವರ್ಗಕ್ಕೆ ಜಲ್ಲಿ ಹಾಸಿದ್ದರೆ ಹೀಗೇ ಇರುತ್ತದೆ ಎಂದುಕೊಳ್ಳುವಷ್ಟರಲ್ಲಿ ಬ್ಲೇಡಿನ ಬಲತುದಿ ಯಾವುದಕ್ಕೋ ಕಚ್ಚಿಕೊಂಡಿತು. ಚರ್ರೆಂದು ಸೀಳಿದ ಸದ್ದು. ಪಟ್ ಎಂದು ಒಂದು ನೀಲಿ ಕಿಡಿ. ಎಂಜಿನ್ನು ನಿಂತಿತು.

ನನ್ನ ಬಲಕ್ಕೆ ಒಂದು ಮರದ ಗೋಡೆ. ಗೋಡೆಯಿಂದ ಕಿತ್ತು ನೇತಾಡುತ್ತಿರುವ ಕರೆಂಟಿನ ಪೆಟ್ಟಿಗೆ. ಗೋಡೆಯ ಬಾಗಿಲು ತೆರೆಯಿತು. ಹಬೆಯ ಮೋಡವೊಂದು ಹೊರಬಂತು. ಮೋಡದೊಳಗೆ ಟವೆಲ್ ಸುತ್ತಿಕೊಂಡು, ತಲೆತುಂಬ ಸೋಪಿನ ನೊರೆಯೊಂದಿಗೆ, ತೈಮಿ.

“ಭಾವ,” ಎಂದಳು ಬಹಳ ಶಾಂತವಾಗಿ, “ಸ್ನಾನಕ್ಕೆ ಬರೋರು ಬಾಗಿಲು ತಟ್ಟಿ ಬರೋದು ರೂಢಿ.”

ಹಿಮ ಒಂದು ಗಳಿಗೆ ತೆಳುವಾದಾಗ ಹಿಂದೆ ಮುಂದೆ ನೋಡಿದೆ. ಹೆದ್ದಾರಿಯಿಂದ ಹೊರಟ ನನ್ನ ನೇರವಾದ ದಾರಿ, ಹೆದೆಯೇರಿಸಿದ ಬಿಲ್ಲಿನಂತೆ ಬಾಗಿ, ತೈಮಿಯ ಬಯಲನ್ನೆಲ್ಲ ಬಳಸಿ, ಅವಳ ಹಬೆಮನೆಯ ಗೋಡೆ ಸವರಿ, ಆಮೇಲೆ ನಾಚಿಕೊಂಡು ನಮ್ಮ ಮನೆಯ ಕಡೆ ತಿರುಗಿತ್ತು. ಒಂದು ಹಿಡಿ ಹಿಮವೂ ಆಚೆ ಬೀಳಬಾರದೆಂದು ನಾನು ದಾರಿಯನ್ನೇ ಆಚೆ ಹಾಕಿಬಿಟ್ಟಿದ್ದೆ.

ಸದ್ದು ಕೇಳಿ ಹೆಲ್ಮಿ ಅದೇ ದಾರಿಯಲ್ಲಿ ಓಡಿಬಂದಳು, ಮನೆಯೊಳಗಿನ ಬಟ್ಟೆ ಚಪ್ಪಲಿಯಲ್ಲಿ. ಅಕ್ಕತಂಗಿಯರು ಎದುರುಬದುರಾದರು. ಇದ್ದಬದ್ದ ಎಳೆಯೂ ಇವತ್ತಿಗೆ ಕಡಿದುಹೋಯಿತು, ಕಡಿದವನು ನಾನು ಎಂದು ಸೀಟಿನಲ್ಲೇ ಕುಗ್ಗಿದೆ.

ತೈಮಿ ಅಕ್ಕನ ಕಾಲು ನೋಡಿದಳು. “ಈ ಹಿಮದಲ್ಲಿ ಇಂಥಾ ಚಪ್ಪಲಿ ಹಾಕ್ಕೊಂಡು ಬರ್ತಾರೇನೇ? ಶೀತ ಆಗಲ್ವಾ?”

ಟವೆಲ್ ಸುತ್ತಿಕೊಂಡು ಹಿಮದಲ್ಲಿ ನಿಂತವಳು ಕೇಳಿದ ಪ್ರಶ್ನೆ ಇದು. ಹೆಲ್ಮಿ ತನ್ನ ಕೋಟು ಬಿಚ್ಚಿ ತಂಗಿಗೆ ಹೊದಿಸಿದಳು. “ತಲೇಲಿ ಸೋಪು ಹಾಗೇ ಇದೆ ನಿಂದು.”

“ನೀರು ತಣ್ಣಗಾಗುತ್ತೆ ಈಗ. ನಿನ್ನ ಗಂಡ ಕರೆಂಟ್ ಕಿತ್ತುಹಾಕಿದಾನೆ.”

“ಅಮ್ಮನ ಒಲೆ ಇದ್ದಿದ್ರೆ ಆಗ್ತಿತ್ತು.” ಹೆಲ್ಮಿ ತಂಗಿಯ ಮೈಮೇಲಿನ ಕೋಟಿನ ಗುಂಡಿ ಹಾಕಿದಳು. “ಗುಜರಿಗೆ ಹಾಕಿದೆಯಲ್ಲ.”

“ಯಾರು ಹೇಳಿದ್ದು? ಹಿಂದೆ ಚಪ್ಪರದಲ್ಲಿದೆ. ಎಣ್ಣೆ ಹಚ್ಚಿ ಸುತ್ತಿಟ್ಟಿದೀನಿ.”

“ಮತ್ತೆ ಯಾಕೆ ತೆಗೆಸಿದ್ದು?”

“ನನ್ನ ಮೊಣಕಾಲು, ಅಕ್ಕ. ಕಟ್ಟಿಗೆ ಹೊರೋಕೆ ಆಗ್ತಿರಲಿಲ್ಲ.”

“ನಾನು ಹೊರ್ತಿರಲಿಲ್ವೇನೇ?”

“ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀನು ಬೈದುಬಿಟ್ಟೆ.”

ಅಳು ಬಂತು. ಅವರಿಬ್ಬರಿಗೂ ಬಂತು, ನನಗೂ ಬಂತು. ನನ್ನದನ್ನು ಯಾರೂ ಗಮನಿಸಲಿಲ್ಲ.

ಹೆಲ್ಮಿ ತೈಮಿಯನ್ನು ಅವಳ ಅಡುಗೆಮನೆಗೆ ಕರೆದೊಯ್ದು ತಲೆ ತೊಳೆದಳು. ನಾನು ತೈಮಿಯ ಮುಖ್ಯ ಸ್ವಿಚ್ಚು ಆರಿಸಿ, ಕರೆಂಟಿನ ಒಲೆ ಬಿಚ್ಚಿದೆ. ಅಮ್ಮನ ಒಲೆ ಭೀಮಸೇನನ ತೂಕ; ಅದನ್ನು ಬ್ಲೇಡಿನಿಂದ ಬಾಗಿಲವರೆಗೆ ದೂಡಿದೆ. ಅಲ್ಲಿಂದಾಚೆಗೆ ಹೊಟ್ಟೆ, ಹೆಗಲು, ಬೈಗುಳ ಎಲ್ಲವನ್ನೂ ಬಳಸಿ ಜಾಗಕ್ಕೆ ಕೂರಿಸಿ, ಕೊಳವೆಯನ್ನು ಹೊಗೆಗೂಡಿಗೆ ಜೋಡಿಸಿದೆ. ಸಂಜೆಗೆ ಹೊಗೆ ಎದ್ದಿತು. ಈ ಸಲ ವಾಸನೆ ನಿಜವಾದದ್ದು.

ಅಕ್ಕತಂಗಿಯರು ಒಳಗೆ ಹೋದರು. ನಾನು ಹೊರಗೆ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತೆ. ಹಿಮ ನಿಂತಿತ್ತು. ಬಯಲೆಲ್ಲ ತಿಳಿನೀಲಿ. ಒಳಗಿನಿಂದ ಕಲ್ಲಿಗೆ ನೀರು ಬಿದ್ದ ಸದ್ದು, ಆಮೇಲೆ ನಗು. ನನ್ನೆದೆ ತುಂಬಿಬಂತು. ಪಾದ್ರಿಯ ಕೈಲಾಗದ್ದು, ನೆಂಟರ ಕೈಲಾಗದ್ದು, ನನ್ನ ಬ್ಲೇಡಿನಿಂದ ಆಯಿತು. ನನ್ನ ಕೈಯನ್ನು ಯಾವುದೋ ಅದೃಶ್ಯ ಶಕ್ತಿ ನಡೆಸಿರಬೇಕು. ಇದನ್ನು ಅವರಿಗೂ ತಿಳಿಸಬೇಕೆನ್ನಿಸಿ ಬಾಗಿಲ ಹತ್ತಿರ ಹೋದೆ.

“ನೋಡಿದ್ರಾ, ನನಗೇ ಗೊತ್ತಾಗದ ಹಾಗೆ ದಾರಿ ತಾನಾಗೇ ಇಲ್ಲಿಗೆ ಬಂದುಬಿಡ್ತು.”

“ನಿಮಗೆ ಗೊತ್ತಾಗಲಿಲ್ಲ, ಭಾವ,” ಎಂದಳು ತೈಮಿ ಒಳಗಿನಿಂದ. “ನಾನು ಡಿಸೆಂಬರಿನಿಂದ ಕಿಟಕೀಲಿ ನಿಂತು ನೋಡ್ತಿದ್ದೆ. ಪ್ರತಿ ಸಲ ಹಿಮ ಬಿದ್ದಾಗ ಒಂದಿಷ್ಟು ಹತ್ರ ಬರ್ತಿದ್ರಿ. ಈಸ್ಟರ್ ಹೊತ್ತಿಗೆ ಮುಟ್ತೀರಿ ಅಂದ್ಕೊಂಡಿದ್ದೆ.”

“ನೀನೂ ನೋಡ್ತಿದ್ಯಾ?” ಎಂದಳು ಹೆಲ್ಮಿ.

“ನೀನು?”

“ದಿನಾ.”

ಆ ಕಿಟಕಿಯಲ್ಲೊಬ್ಬಳು, ಈ ಕಿಟಕಿಯಲ್ಲೊಬ್ಬಳು. ಚಳಿಗಾಲವಿಡೀ ಆ ಬ್ಲೇಡು ಎಲ್ಲಿಗೆ ಹೊರಟಿದೆಯೆಂದು ತಿಳಿಯದಿದ್ದವನು ಅದರ ಮೇಲೆ ಕೂತವನೊಬ್ಬನೇ.

“ಮತ್ತೆ ನನಗೆ ಯಾಕೆ ಹೇಳಲಿಲ್ಲ, ಹೆಲ್ಮಿ?”

ಒಳಗೆ ಹೆಲ್ಮಿ ಕಲ್ಲಿನ ಮೇಲೆ ಇನ್ನಷ್ಟು ನೀರು ಎರಚಿದಳು.

“ಹೇಳಿದ್ರೆ ನೀನು ದಾರೀನ ನೆಟ್ಟಗೆ ಮಾಡಿಬಿಡ್ತಿದ್ದೆ, ಮಾರಾಯ. ಹೋಗು, ಇನ್ನೊಂದು ಹೊರೆ ಕಟ್ಟಿಗೆ ತಗೊಂಡು ಬಾ.”

ನಾನು ಕಟ್ಟಿಗೆ ತರಲು ಹೋದೆ.