ಶಾಂತರಾಜು ‘ಇಲ್ಲ’ ಎಂದ ದಿನ

"ಒಸಿ ಈ ಚೀಲ ಹಿಡ್ಕಳಿ ಸಾ, ಬೀಡಿ ತಕಂಡು ಬಂದ್ಬುಟ್ಟೆ."

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದವನೊಬ್ಬ ಹೀಗೆ ಕೇಳಿದರೆ ನೀವಾಗಲಿ ನಾನಾಗಲಿ "ಹೋಗಯ್ಯಾ ಅತ್ಲಾಗೆ" ಎನ್ನುತ್ತಿದ್ದೆವು. ಶಾಂತರಾಜು ಕೈ ಚಾಚಿದ. ಚಾಚದೆ ಏನು ಮಾಡುತ್ತಾನೆ, ಪಾಪ! ಹುಟ್ಟಿದಾಗಿನಿಂದ ಅವನ ಬಾಯಲ್ಲಿ ‘ಇಲ್ಲ’ ಅನ್ನುವ ಮಾತು ಬಂದದ್ದೇ ಇಲ್ಲ. ಬೀಡಿಗೆ ಹೋದವನು ಪೊಲೀಸರ ಜೀಪು ಕಂಡದ್ದೇ ತಡ, ಹಿಂದಿನ ಗೇಟಿನಿಂದ ಪರಾರಿಯಾದ. ಕಾದು ಕಾದು ಸಾಕಾಗಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಶಾಂತರಾಜು ಬಸ್ಸು ಹತ್ತಿದ.

ಗೊರೂರಿನ ನೀರಾವರಿ ಕ್ವಾರ್ಟರ್ಸಿಗೆ ಬಂದು ಬಿಚ್ಚಿ ನೋಡಿದರೆ ಹಳೇ ಟವೆಲ್ಲಿನೊಳಗೆ ನಿಂಬೆಹಣ್ಣಿನಷ್ಟು ದೊಡ್ಡ ಆಮೆಮರಿ! ಚಿಪ್ಪಿನ ತುಂಬ ಹಳದಿ ನಕ್ಷತ್ರ. ಗಾಬರಿಯಾಗಿ ಫಾರೆಸ್ಟಿನವರಿಗೆ ಫೋನು ಮಾಡಿದ. ಆ ಕಡೆಯಿಂದ ಪ್ರತಿಭಾ ಎನ್ನುವ ಅಧಿಕಾರಿ ಒಂದೇ ಉಸಿರಿಗೆ ಹೇಳಿದರು: "ಅದು ನಕ್ಷತ್ರ ಆಮೆ ಸಾರ್. ಮನೇಲಿ ಸಾಕಿದ್ರೆ ಅಪರಾಧ. ನಾಳೆ ಸಂಜೆ ಬಂದು ತಗೊಂಡು ಹೋಗ್ತೀವಿ. ಅಲ್ಲೀವರೆಗೆ ಅದರ ಜೀವ ನಿಮ್ಮ ಕೈಲಿದೆ. ಒಣ ಮಣ್ಣು, ಅರ್ಧ ಬಿಸಿಲು, ಅರ್ಧ ನೆರಳು. ನೆಲದ ಮೇಲಿನ ಪ್ರಾಣಿ ಅದು, ನೀರಿಗೆ ಬಿಟ್ರೆ ಮುಳುಗಿ ಸಾಯುತ್ತೆ. ಹಾಲು, ಅನ್ನ ಏನೂ ಹಾಕಬೇಡಿ. ಯಾರು ಕೇಳಿದ್ರೂ ಮುಟ್ಟೋಕೆ ಬಿಡಬೇಡಿ."

"ಯಾರು ಕೇಳಿದ್ರೂ ಅಂತೆ!" ಎಂದು ಹೆಂಡತಿ ಬಿಂದುಶ್ರೀ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ರೀ, ಸೋಮವಾರ ಕೊಣನೂರಲ್ಲಿ ನಮ್ಮಕ್ಕನ ಮನೆ ಗೃಹಪ್ರವೇಶ. ಓದ್ಸಲ ಅವ್ಳ ಮಗನ ನಾಮಕರಣದ ದಿನ ಎದ್ರುಮನೆ ಈಶ್ವರಯ್ಯನೋರ ನೀರಿನ ಟ್ಯಾಂಕು ತೊಳೆಯಾಕೆ ಓದ್ರಿ. ಅದ್ರ ಹಿಂದ್ಲ ಸಲ ನಿಮ್ಮಾಫೀಸಿನ ಮನೋಹರನ ಮಾವನ ಜತೆ ಆಸ್ಪತ್ರೇಲಿ ಕುಂತ್ಕಂಡ್ರಿ. ನಿಂಗೆ ಗಂಡ ಅನ್ನೋನು ಅವ್ನೋ ಇಲ್ವೋ ಅಂತ ನಮ್ಮಕ್ಕ ಕೇಳ್ತಾಳೆ! ನಾಳೆ ಒಂದಿನ ಜನಕ್ಕೆ ಇಲ್ಲ ಅನ್ನಿ ನೋಡಾನ. ಈ ಮರಿ ಉಳಿಸಿ, ನಾಡಿದ್ದು ನನ್ ಜತೆ ಬಸ್ ಅತ್ತಿ. ಇಲ್ದಿದ್ರೆ ನಾನೊಬ್ಳೇ ಓಯ್ತೀನಿ, ಯಾವತ್ತು ಬತ್ತೀನಿ ಅಂತ ಕೇಳ್ಬ್ಯಾಡಿ."

ಮಾತು ನಾಟಿತು. ಭಾನುವಾರ ಬೆಳಗಾಗುವಷ್ಟರಲ್ಲಿ ಶಾಂತರಾಜು ಹಿತ್ತಲಲ್ಲಿ ಹಳೇ ಮಂಚದ ಹಲಗೆಗಳನ್ನು ಚೌಕವಾಗಿ ನಿಲ್ಲಿಸಿ ಮೊಳೆ ಹೊಡೆದಿದ್ದ. ಒಳಗೆ ಜರಡಿ ಹಿಡಿದ ಮಣ್ಣು, ಮರಳು. ಒಂದು ಪಕ್ಕಕ್ಕೆ ಗೋಣಿತಾಟಿನ ನೆರಳು. ಅವಿತುಕೊಳ್ಳಲು ಅಡ್ಡ ಮಲಗಿಸಿದ ಒಡಕು ಹೂಕುಂಡ. ಕುಡಿಯಲು ಉಪ್ಪಿನಕಾಯಿ ಬಾಟಲಿಯ ಮುಚ್ಚಳದಲ್ಲಿ ತುಸು ನೀರು. ಕಾಗೆ, ಬೆಕ್ಕು ಬಾಯಿ ಹಾಕದಂತೆ ಮೇಲೆ ಕೋಳಿ ಮುಚ್ಚುವ ಮಂಕರಿ. ಪಕ್ಕದ ಅನಸೂಯಮ್ಮನ ಕಾಂಪೌಂಡಿನಿಂದ ಈಚೆಗೆ ಬಾಗಿದ್ದ ಗಿಡದಿಂದ ದಾಸವಾಳದ ಎಲೆ ಕಿತ್ತು ಹಾಕಿದ. ಮರಿ ಕತ್ತು ಹೊರಚಾಚಿ ಎಲೆಯ ಅಂಚನ್ನು ಕಚ್ಚಿದಾಗ ಅವನಿಗೆ ಕಣ್ಣು ತುಂಬಿ ಬಂತು. ಯಾರಾದರೂ ಕೈಹಾಕಲಿ ನೋಡುತ್ತೇನೆ ಎಂದುಕೊಂಡ.

ಮೊದಲು ಕೈಹಾಕಿದವರು ಅನಸೂಯಮ್ಮ. ಒಂದು ಕೈಯಲ್ಲಿ ಹಾಲಿನ ಲೋಟ, ಇನ್ನೊಂದರಲ್ಲಿ ಕುಂಕುಮದ ಬಟ್ಟಲು.

"ಅಯ್ಯೋ ಸಿವನೇ, ಕೂರ್ಮಪ್ಪನೇ ಮನೆಬಾಗ್ಲಿಗೆ ಬಂದವ್ನೆ! ಒಂದ್ ತೊಟ್ಟು ಆಲು ಕುಡ್ಸಿ, ಕುಂಕ್ಮ ಇಟ್ಬುಟ್ಟು ಓಯ್ತೀನಿ ಶಾಂತಣ್ಣ. ನಮ್ ರಂಜಿನಿಗೊಂದು ಗಂಡು ಗೊತ್ತಾಗ್ಲಿ."

"ಇ... ಇಲ್..." ಚಳಿಗಾಲದ ಮೊಪೆಡ್ಡಿನಂತೆ ಶಾಂತರಾಜುವಿನ ಗಂಟಲು ಗೊರಗೊರ ಎಂದಿತು. ಅಡುಗೆಮನೆಯ ಕಿಟಕಿಯಲ್ಲಿ ಬಿಂದುಶ್ರೀಯ ಮುಖ ಕಂಡಿತು. "ಇಲ್ಲ!" ಎಂದುಬಿಟ್ಟ. "ಇಲ್ಲ ಅನಸೂಯಮ್ಮ. ಆಲೂ ಇಲ್ಲ, ಕುಂಕ್ಮಾನೂ ಇಲ್ಲ!"

ಅನಸೂಯಮ್ಮ ಲೋಟ, ಬಟ್ಟಲು ಸಮೇತ ಮೂತಿ ತಿರುವಿಕೊಂಡು ಹೋದರು. ಆಕಾಶ ಕಳಚಿ ಬೀಳಲಿಲ್ಲ. ಇಷ್ಟು ಸುಲಭವಿತ್ತೇ ಇದು ಎಂದು ಶಾಂತರಾಜುವಿಗೆ ಆಶ್ಚರ್ಯವಾಯಿತು.

ಆಮೇಲೆ ಬಂದವರು ಎದುರು ಮನೆಯ ಈಶ್ವರಯ್ಯ. ರಿಟೈರಾದ ಮೇಲೆ ಊರಿನವರ ಮನೆ ವಾಸ್ತುವನ್ನೆಲ್ಲ ತಮ್ಮ ತಲೆಯ ಮೇಲೆ ಹೊತ್ತುಕೊಂಡಿದ್ದ ಮಹಾನುಭಾವರು. ಮಂಕರಿ ಎತ್ತಿ ನೋಡಿ ಹೌಹಾರಿದರು.

"ಏನಯ್ಯಾ ಅನ್ಯಾಯ ಇದು! ಆಮೇನ ಒಣಗಿಸ್ತಾ ಇದೀಯಲ್ಲ! ನನ್ನ ಶೋಕೇಸಿನಲ್ಲಿರೋ ಗಾಜಿನ ಆಮೇನೇ ನೀರಲ್ಲಿಟ್ಟಿದೀನಿ. ಹಿತ್ತಾಳೆ ಉರುಳಿ ಪಾತ್ರೆ ಕಳಿಸ್ತೀನಿ. ತುಂಬ ನೀರು ಹಾಕು, ಉತ್ತರಕ್ಕೆ ಮುಖ ಮಾಡಿ ಇಡು. ಪ್ರಮೋಷನ್ ತಾನಾಗಿ ಬರುತ್ತೆ."

"ಇಲ್ಲ ಸಾ."

"ಏನಂದೆ?"

"ಇಲ್ಲ ಅಂದೆ. ಉರುಳಿಗೆ ನೀರ್ ತುಂಬ್ಕಂಡು ನೀವೇ ಕುಂತ್ಕಳಿ, ಉತ್ತರುಕ್ಕೆ ತಿರೀಕಂಡು!"

ಕಿಟಕಿಯಲ್ಲಿ ಬಿಂದುಶ್ರೀ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಶಾಂತರಾಜು ಮೀಸೆಯ ಮೇಲೆ ಕೈಯಾಡಿಸಿದ. ಬೇಕಿದ್ದರೆ ಚೀಫ್ ಎಂಜಿನಿಯರೇ ಬರಲಿ, ಅವರಿಗೂ ‘ಇಲ್ಲ’ ಎನ್ನುವ ಹುಮ್ಮಸ್ಸು ಬಂದಿತ್ತು.

ಆದರೆ ಈಶ್ವರಯ್ಯ ಬಿಡುವ ಆಸಾಮಿಯೇ? ಶಾಂತರಾಜು ಒಳಗೆ ಕೂತು ನಾಲ್ಕು ತುತ್ತು ಮುದ್ದೆ ನುಂಗುವಷ್ಟರಲ್ಲಿ, ಪುಣ್ಯ ಬರಲಿ ಅಂತ ಬಕೆಟ್ಟು ತುಂಬ ನೀರನ್ನು ಮಂಕರಿಯ ಮೇಲಿಂದ ಸುರಿದೇಬಿಟ್ಟರು. ಸದ್ದು ಕೇಳಿ ಎಂಜಲು ಕೈಯಲ್ಲೇ ಓಡಿಬಂದ ಶಾಂತರಾಜು, ಕೆಸರಿನಲ್ಲಿ ಕಾಲು ಬಡಿಯುತ್ತಿದ್ದ ಮರಿಯನ್ನು ಬಾಚಿ ಎದೆಗೊತ್ತಿಕೊಂಡ. ಮೈ ಒರೆಸಿ, ಬಿಸಿಲಿಗೆ ಹಿಡಿದು, "ಕಣ್ ಬುಡು ಮಗಾ, ಕಣ್ ಬುಡು" ಎಂದು ಗೋಗರೆದ. ಬಹಳ ಹೊತ್ತಿನ ಮೇಲೆ ಕತ್ತು ಹೊರಬಂತು. ಗಂಡ ಹೆಂಡತಿ ಇಬ್ಬರೂ ಸೇರಿ ಕೆಸರು ಬಾಚಿ, ಒಣ ಮಣ್ಣು ತಂದು ಮತ್ತೆ ತುಂಬಿದರು.

ಅಷ್ಟರಲ್ಲಿ ಆಫೀಸಿನ ಮನೋಹರ ಅರ್ಧ ಕ್ವಾರ್ಟರ್ಸನ್ನೇ ಬೆನ್ನಿಗೆ ಕಟ್ಟಿಕೊಂಡು ಬಂದ. ಕೈಯಲ್ಲಿ ಮೊಬೈಲು, ಕೊರಳಲ್ಲಿ ಒಂದು ಹಾರ.

"ಲೇ ಶಾಂತ, ಈಶ್ವರಯ್ಯನೋರು ಎಲ್ಲಾ ಏಳುದ್ರು. ಆಮೇನ ಡ್ಯಾಮಿಗೆ ಬುಟ್ಟುಬುಡಾನ ಕಣ್ಲಾ. ನಾನು ಬುಡೋದು, ನೀನು ವಿಡಿಯೋ ತೆಗ್ಯೋದು. ಲಕ್ಷ ಜನ ನೋಡ್ತಾರೆ!"

"ಇಲ್ಲ."

"ನಿಮ್ ಮದ್ವೇಲಿ ಊಟ ಬಡ್ಸಿದ್ದು ಯಾರ್ಲಾ? ಅದಾದ್ರೂ ಗೆಪ್ತಿ ಐತಾ?"

"ಊಟ ಬಡ್ಸಿದ್ಕೆ ಆಮೆ ಕೊಡ್ಬೇಕಾ? ಇಲ್ಲ ಕಣ್ಲಾ, ಇಲ್ಲ!"

ಜನ ನುಗ್ಗಿದರು. ಶಾಂತರಾಜು ಒಂದೇ ನೆಗೆತಕ್ಕೆ ಹಲಗೆ ದಾಟಿ, ಮಣ್ಣಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಮಂಕರಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. "ಈ ಮರಿ ಮುಟ್ಬೇಕಾದ್ರೆ ನನ್ನೂ ವೊತ್ಕಂಡೋಗಿ ಡ್ಯಾಮಿಗೆ ಆಕಿ! ಇಷ್ಟ್ ವರ್ಸ ಎಲ್ಲಾರ್ಗೂ ಊಂ ಅಂದೆ. ಇನ್ ಮುಂದುಕ್ಕೆ ಇಲ್ಲ! ಇಲ್ಲ! ಇಲ್ಲ!"

ಆ ಆರ್ಭಟಕ್ಕೆ ಮನೋಹರನೇ ಒಂದು ಹೆಜ್ಜೆ ಹಿಂದೆ ಸರಿದ. ಬಿಂದುಶ್ರೀ ಗಂಡನನ್ನು ಹೊಸಬನಂತೆ ನೋಡಿದಳು. ಸೀದಾ ಒಳಗೆ ಹೋಗಿ, ಕೊಣನೂರಿನ ಬ್ಯಾಗಿಗೆ ಅವನ ರೇಷ್ಮೆ ಪಂಚೆಯನ್ನೂ ಇಟ್ಟಳು.

ಸಂಜೆ ಜೀಪು ಬಂತು. ಪ್ರತಿಭಾ ಮೇಡಂ ಮರಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಮಣ್ಣು ಮುಟ್ಟಿ, ನೆರಳು ನೋಡಿ ದಂಗಾದರು. "ನಮ್ಮಲ್ಲೂ ಇಷ್ಟು ಚೆನ್ನಾಗಿ ಮಾಡಲ್ಲ ಸಾರ್! ಜನ ಯಾರೂ ತೊಂದರೆ ಕೊಡ್ಲಿಲ್ವಾ?"

ಕಾಂಪೌಂಡಿನಾಚೆಯಿಂದ ದೂರುಗಳ ಸುರಿಮಳೆಯಾಯಿತು. "ಒಂದ್ ತೊಟ್ಟು ಆಲು ಕುಡ್ಸಾಕೂ ಬುಡ್ನಿಲ್ಲ ಕಣಮ್ಮಾ" ಎಂದರು ಅನಸೂಯಮ್ಮ. "ಹಿರಿಯರು ಅನ್ನೋ ಗೌರವ ಕೂಡ ಇಲ್ಲ" ಎಂದರು ಈಶ್ವರಯ್ಯ. "ಯಾರ್ ಏನ್ ಕೇಳುದ್ರೂ ಇಲ್ಲ ಅಂತಾನೆ ಮೇಡಂ, ಕಟುಕ!" ಎಂದ ಮನೋಹರ.

ಕೇಳುತ್ತ ಕೇಳುತ್ತ ಮೇಡಂ ಮುಖ ಅರಳಿತು. ಜೀಪಿನ ಹಿಂದಕ್ಕೆ ಹೋಗಿ ಟೊಮ್ಯಾಟೊ ತುಂಬುವ ಕ್ರೇಟೊಂದನ್ನು ಎತ್ತಿಕೊಂಡು ಬಂದರು.

"ಸಾರ್, ಒಂಚೂರು ಇದನ್ನ ಹಿಡ್ಕೊಳ್ಳಿ."

ದಿನವಿಡೀ ಪಳಗಿದ್ದು ಬಾಯಿ ಮಾತ್ರ. ಕೈ ಹಳೆಯದೇ ಅಲ್ಲವೇ, ತಾನಾಗಿ ಮುಂದೆ ಹೋಯಿತು.

ಕ್ರೇಟಿನ ತುಂಬ ಪಿಳಿಪಿಳಿ ಕಣ್ಣು ಬಿಡುತ್ತಿದ್ದ ನಕ್ಷತ್ರ ಆಮೆಮರಿಗಳು!

"ನಿಮಗೆ ಚೀಲ ಕೊಟ್ಟನಲ್ಲ, ಅವನು ಹಾಸನದಲ್ಲಿ ಸಿಕ್ಕಿಬಿದ್ದ. ಇವೆಲ್ಲ ಅವನ ಹತ್ತಿರ ಇದ್ದವು. ಕಾಡಿಗೆ ಸಾಗಿಸೋಕೆ ಕೋರ್ಟಿನ ಅನುಮತಿ ಬರೋವರೆಗೆ ಎಲ್ಲಿಡೋದು ಅಂತ ತಲೆಕೆಟ್ಟು ಹೋಗಿತ್ತು. ಜಾಗ ಹೇಗೋ ಹೊಂದಿಸಬಹುದು ಸಾರ್, ಕೇಳಿದೋರಿಗೆಲ್ಲ ಇಲ್ಲ ಅನ್ನೋ ಮನುಷ್ಯ ಎಲ್ಲಿ ಸಿಗ್ತಾನೆ? ನೋಡ್ಕೊಳ್ತೀರಲ್ಲ?"

ಶಾಂತರಾಜು ಬಾಯಿ ತೆರೆದ. ಕಿಟಕಿಯತ್ತ ನೋಡಿದ. ಕ್ರೇಟಿನೊಳಗಿಂದ ಒಂದು ಮರಿ ಕತ್ತೆತ್ತಿ ಅವನನ್ನೇ ನೋಡುತ್ತಿತ್ತು.

"ಆಗ್ಲಿ ಮೇಡಂ" ಎಂದ.

ಜೀಪು ಹೊರಟುಹೋಯಿತು.

ಸೋಮವಾರ ಬೆಳಗ್ಗೆ ಎಲೆ ಸಾಲದೆ ಕಾಂಪೌಂಡಿನ ಬಳಿ ನಿಂತು ಕೂಗಿದ: "ಅನಸೂಯಮ್ಮ, ಒಸಿ ದಾಸವಾಳದ ಸೊಪ್ಪು ಕಿತ್ಕಳ್ಲಾ?"

"ಇಲ್ಲ!" ಒಳಗಿನಿಂದ ಬಂದ ಉತ್ತರದಲ್ಲಿ ಪರಮಾನಂದವಿತ್ತು.

ತಿರುಗಿದರೆ ಬಿಂದುಶ್ರೀ, ರೇಷ್ಮೆ ಸೀರೆಯುಟ್ಟು, ಬ್ಯಾಗು ಹಿಡಿದು ನಿಂತಿದ್ದಳು. ಅವನ ಪಂಚೆಯನ್ನು ಬ್ಯಾಗಿನಿಂದ ತೆಗೆದು ಹಗ್ಗದ ಮೇಲೆ ಹಾಕಿಯಾಗಿತ್ತು.

"ಕೊನೇ ಸಲ ಕೇಳ್ತೀನಿ. ಬತ್ತೀರಾ?"

ಶಾಂತರಾಜು ಮರಿಗಳನ್ನು ನೋಡಿದ. ಕಾಂಪೌಂಡಿನ ಮೇಲೆ ಅನಸೂಯಮ್ಮನ ಹಾಲಿನ ಲೋಟ ಆಗಲೇ ಇಣುಕುತ್ತಿತ್ತು. ಎದುರು ಮನೆಯಲ್ಲಿ ಬಕೆಟ್ಟು ತುಂಬುವ ಸದ್ದು.

"ಇಲ್ಲ" ಎಂದ.

"ನೋಡುದ್ರಾ!" ಎಂದಳು ಬಿಂದುಶ್ರೀ, ಗೇಟು ದಾಟುತ್ತ. "ನಂಗೆ ಅನ್ನಾಕೆ ಮಾತ್ರ ನಾಲಿಗೆ ಒಂಚೂರೂ ತೊದಲ್ನಿಲ್ಲ!"